ಇಬ್ಬರೂ ಓದುವುದು ಒಂದೇ ಬೈಬಲ್

2025ರ ಜನವರಿ 20ರಂದು ಡೊನಾಲ್ಡ್ ಟ್ರಂಪ್ ಎರಡನೇ ಸಲ ಅಮೆರಿಕದ ಅಧ್ಯಕ್ಷರಾಗಿ ಪ್ರಮಾಣ ಮಾಡಿದರು. ಸಮಾರಂಭದಲ್ಲಿ ನ್ಯೂಯಾರ್ಕಿನ ಕ್ಯಾಥೊಲಿಕ್ ಕಾರ್ಡಿನಲ್ ತಿಮೊಥಿ ಡೋಲನ್ ಪ್ರಾರ್ಥಿಸಿದರು, ಇವ್ಯಾಂಜೆಲಿಕಲ್ ಬೋಧಕ ಫ್ರಾಂಕ್ಲಿನ್ ಗ್ರಹಾಂ ಪ್ರಾರ್ಥಿಸಿದರು. ಆರು ತಿಂಗಳ ಹಿಂದೆ ಪೆನ್ಸಿಲ್ವೇನಿಯಾದ ಚುನಾವಣಾ ಸಭೆಯೊಂದರಲ್ಲಿ ಹಾರಿಬಂದ ಗುಂಡು ಟ್ರಂಪ್ ಅವರ ಕಿವಿ ಸವರಿಕೊಂಡು ಹೋಗಿತ್ತು. ಅದನ್ನು ನೆನೆದು, ಅಮೆರಿಕವನ್ನು ಮತ್ತೆ ದೊಡ್ಡದು ಮಾಡಲೆಂದೇ ದೇವರು ತನ್ನನ್ನು ಉಳಿಸಿದ ಎಂದು ಅವರು ಹೇಳಿದಾಗ ಜೋರು ಚಪ್ಪಾಳೆ ಬಿತ್ತು.

ಮರುದಿನ ಅದೇ ಊರಿನ, ಅಂದರೆ ರಾಜಧಾನಿ ವಾಷಿಂಗ್ಟನ್ನಿನ, ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ ದೇಶಕ್ಕಾಗಿ ಪ್ರಾರ್ಥನಾ ಸಭೆ. ಮುಂದಿನ ಸಾಲಿನಲ್ಲಿ ಅಧ್ಯಕ್ಷರು, ಉಪಾಧ್ಯಕ್ಷ ಜೆ.ಡಿ. ವಾನ್ಸ್ ಮತ್ತು ಅವರ ಕುಟುಂಬದವರು ಕೂತಿದ್ದರು. ಎಪಿಸ್ಕೋಪಲ್ ಚರ್ಚಿನ ಬಿಷಪ್ ಮೇರಿಯಾನ್ ಎಡ್ಗರ್ ಬಡ್ಡಿ ಅವರ ಪ್ರಸಂಗ, ಅಂದರೆ ಧರ್ಮಬೋಧೆ, ಮುಗಿಯುತ್ತ ಬಂದಿತ್ತು. ಅವರು ದನಿ ಏರಿಸದೆ ಅಧ್ಯಕ್ಷರ ಕಡೆ ತಿರುಗಿ, ಭಯದಲ್ಲಿರುವವರ ಮೇಲೆ ಕರುಣೆ ತೋರಿಸಿ ಎಂದು ಕೇಳಿದರು. ಹೊಲದಲ್ಲಿ ಬೆಳೆ ಕೊಯ್ಯುವವರು, ಕಚೇರಿಗಳನ್ನು ಗುಡಿಸುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವವರು, ಇವರಲ್ಲಿ ಕೆಲವರ ಬಳಿ ಕಾಗದಪತ್ರ ಇಲ್ಲದಿರಬಹುದು, ಆದರೆ ಬಹುತೇಕ ವಲಸಿಗರು ಅಪರಾಧಿಗಳಲ್ಲ ಎಂದರು. ನಾವೆಲ್ಲ ಒಂದು ಕಾಲಕ್ಕೆ ಈ ನೆಲದಲ್ಲಿ ಪರದೇಶಿಗಳಾಗಿದ್ದವರೇ ಎಂದು ನೆನಪಿಸಿದರು. ಟ್ರಂಪ್ ಸಿಟ್ಟಾದರು, ಬಿಷಪ್ ಕ್ಷಮೆ ಕೇಳಬೇಕೆಂದರು. ದೇಶದ ಅರ್ಧ ಕ್ರೈಸ್ತರಿಗೆ ಆಕೆ ಪ್ರವಾದಿಯಂತೆ ಕಂಡರು, ಇನ್ನರ್ಧಕ್ಕೆ ಪವಿತ್ರ ಪೀಠವನ್ನು ರಾಜಕೀಯಕ್ಕೆ ಬಳಸಿದವರಂತೆ ಕಂಡರು.

ಎರಡೂ ದಿನ ಮುಂದಿಟ್ಟುಕೊಂಡದ್ದು ಒಂದೇ ಬೈಬಲ್. ಎರಡೂ ದಿನ ಕರೆದದ್ದು ಒಂದೇ ದೇವರನ್ನು. ಅಮೆರಿಕದ ಒಡಕನ್ನು ದೇವರನ್ನು ನಂಬುವವರಿಗೂ ನಂಬದವರಿಗೂ ನಡುವಿನ ಜಗಳವೆಂದು ನಮ್ಮಲ್ಲಿ ಹಲವರು ಎಣಿಸಿದ್ದಾರೆ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ಬಿರುಕು ಹೆಚ್ಚು ಆಳವಾಗಿರುವುದು ಚರ್ಚಿನ ಒಳಗೇ. ಅಲ್ಲಿ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ಮೊದಲು ‘ಅಮೆರಿಕದ ಕ್ರೈಸ್ತರು’ ಎಂಬ ಒಂದೇ ಮೂಟೆಯನ್ನು ಬಿಚ್ಚಬೇಕು.

ಪ್ಯೂ ರಿಸರ್ಚ್ ಸೆಂಟರಿನ 2023–24ರ ದೊಡ್ಡ ಸಮೀಕ್ಷೆಯ ಪ್ರಕಾರ ಅಮೆರಿಕದ ವಯಸ್ಕರಲ್ಲಿ 62% ಮಂದಿ ತಮ್ಮನ್ನು ಕ್ರೈಸ್ತರೆಂದು ಹೇಳಿಕೊಳ್ಳುತ್ತಾರೆ. ಇವರಲ್ಲಿ ನಾಲ್ಕು ಮುಖ್ಯ ಮನೆತನಗಳಿವೆ ಎನ್ನಬಹುದು. ಮೊದಲನೆಯದು ಕ್ಯಾಥೊಲಿಕರು. ಎರಡನೆಯದು ‘ಮೇನ್‌ಲೈನ್’ ಎಂದು ಕರೆಸಿಕೊಳ್ಳುವ ಹಳೆಯ ಪ್ರಾಟೆಸ್ಟೆಂಟ್ ಸಭೆಗಳು: ಎಪಿಸ್ಕೋಪಲ್, ಪ್ರೆಸ್ಬಿಟೇರಿಯನ್, ಲೂಥರನ್, ಮೆಥಡಿಸ್ಟ್. (ಬೆಂಗಳೂರಿನ ಬಾಲ್ಡ್‌ವಿನ್ ಶಾಲೆಗಳನ್ನೂ ಕೋಲಾರ, ಬೀದರಿನ ಮಿಷನ್ ಆಸ್ಪತ್ರೆಗಳನ್ನೂ ಕಟ್ಟಿದವರು ಅಮೆರಿಕದ ಇದೇ ಮೆಥಡಿಸ್ಟರು.) ಮೂರನೆಯವರು ಇವ್ಯಾಂಜೆಲಿಕಲರು. ಬೈಬಲ್ಲೇ ಕೊನೆಯ ಪ್ರಮಾಣ, ಪ್ರತಿಯೊಬ್ಬರೂ ತಾವಾಗಿ ಯೇಸುವನ್ನು ಒಪ್ಪಿ ಹೊಸ ಹುಟ್ಟು ಪಡೆಯಬೇಕು, ಆ ಸುವಾರ್ತೆಯನ್ನು ಇತರರಿಗೆ ಸಾರಬೇಕು ಎನ್ನುವವರು ಇವರು. ನಾಲ್ಕನೆಯದು ಕಪ್ಪು ಜನರ ಚರ್ಚುಗಳು. ನಂಬಿಕೆಯ ವಿಷಯದಲ್ಲಿ ಇವು ಇವ್ಯಾಂಜೆಲಿಕಲರಿಗೆ ತೀರ ಹತ್ತಿರ. ಅದೇ ಹೊಸ ಹುಟ್ಟು, ಅದೇ ಬೈಬಲ್, ಅದೇ ಪ್ರಾರ್ಥನೆ.

ಮತಗಟ್ಟೆಗೆ ಬಂದಾಗ ಮಾತ್ರ ದಾರಿಗಳು ಬೇರೆಯಾಗುತ್ತವೆ. 2016, 2020, 2024, ಈ ಮೂರೂ ಚುನಾವಣೆಗಳಲ್ಲಿ ಬಿಳಿಯ ಇವ್ಯಾಂಜೆಲಿಕಲರಲ್ಲಿ ಹತ್ತರಲ್ಲಿ ಸುಮಾರು ಎಂಟು ಮಂದಿ ಟ್ರಂಪ್ ಅವರಿಗೆ ಮತ ಹಾಕಿದರು. ಕಪ್ಪು ಪ್ರಾಟೆಸ್ಟೆಂಟರಲ್ಲಿ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಮಂದಿ ಅವರ ವಿರುದ್ಧ ನಿಂತರು. ದೇವರ ಬಗ್ಗೆ ಇವರಿಬ್ಬರನ್ನೂ ಪ್ರಶ್ನಿಸಿದರೆ ಉತ್ತರ ಹೆಚ್ಚುಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಬಂದದ್ದು ದೇವರಿಂದಲ್ಲ, ಚರಿತ್ರೆಯಿಂದ.

ಆ ಚರಿತ್ರೆಯಲ್ಲಿ ಮೊದಲು ಬರುವುದು ಒಂದು ಗೋಡೆ. ಸರ್ಕಾರ ಯಾವ ಧರ್ಮವನ್ನೂ ಸ್ಥಾಪಿಸಬಾರದು, ಯಾರ ಧರ್ಮಾಚರಣೆಗೂ ಅಡ್ಡ ಬರಬಾರದು ಎಂದು 1791ರಲ್ಲಿ ಸಂವಿಧಾನದ ಮೊದಲ ತಿದ್ದುಪಡಿ ಹೇಳಿತು. ಆದರೂ ಕನೆಕ್ಟಿಕಟ್‌ನಂಥ ರಾಜ್ಯಗಳಲ್ಲಿ ಕಾಂಗ್ರಿಗೇಷನಲ್ ಚರ್ಚಿಗೆ ಸರ್ಕಾರದ ಆಸರೆ ಮುಂದುವರಿದಿತ್ತು. ಅಲ್ಲಿ ಅಲ್ಪಸಂಖ್ಯಾತರಾಗಿದ್ದ ಬ್ಯಾಪ್ಟಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದವರು ತಮ್ಮ ಸಂಕಟವನ್ನು ಅಧ್ಯಕ್ಷ ಜೆಫರ್ಸನ್‌ಗೆ ಬರೆದರು. ಚರ್ಚು ಮತ್ತು ರಾಜ್ಯದ ನಡುವೆ ಬೇರ್ಪಡಿಸುವ ಗೋಡೆ ಇರಬೇಕೆಂಬ ಪ್ರಸಿದ್ಧ ಮಾತು ಬಂದದ್ದು ಅವರು 1802ರ ಜನವರಿ 1ರಂದು ಬರೆದ ಉತ್ತರದಲ್ಲಿ. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಈ ಗೋಡೆ ನಾಸ್ತಿಕರ ಸಂಚು ಎಂದು ಇಂದು ಅಲ್ಲಿ ಎಷ್ಟೋ ಪ್ರಸಂಗಪೀಠಗಳಿಂದ ಕೇಳಿಬರುತ್ತದೆ. ಗೋಡೆ ಬೇಕಾಗಿದ್ದುದು ಗಾಢ ಭಕ್ತರಿಗೆ. ದೊರೆಯ ಕೈ ಹೆಗಲ ಮೇಲೆ ಬಿದ್ದರೆ ಭಕ್ತಿ ಕೆಡುತ್ತದೆಂದು ಅನುಭವದಿಂದ ಬಲ್ಲವರು ಅವರು.

ಗೋಡೆಯಿಂದ ಇನ್ನೊಂದು ಪರಿಣಾಮವಾಯಿತು. ಸರ್ಕಾರದ ದುಡ್ಡಿಲ್ಲದ ಮೇಲೆ ಪಾದ್ರಿಯ ಸಂಬಳ ಬರುವುದು ಭಾನುವಾರದ ಕಾಣಿಕೆಯಿಂದ. ಜನ ಬಂದರೆ ಚರ್ಚು ಉಳಿಯುತ್ತದೆ, ಎದ್ದುಹೋದರೆ ಮುಚ್ಚುತ್ತದೆ. ಇದು ಅಲ್ಲಿನ ಚರ್ಚಿಗೆ ಯುರೋಪಿನಲ್ಲಿ ಕಾಣದ ಕಸುವು ಕೊಟ್ಟಿತು. ಜೊತೆಗೆ, ಸಭೆಗೆ ಒಪ್ಪದ ಸತ್ಯವನ್ನು ಹೇಳುವುದು ಪಾದ್ರಿಗೆ ತುಂಬ ಕಷ್ಟವೂ ಆಯಿತು.

ಆ ಕಷ್ಟ ಮೊದಲು ಬೆತ್ತಲಾದದ್ದು ಗುಲಾಮಗಿರಿಯಲ್ಲಿ. ದಕ್ಷಿಣದ ಬಿಳಿಯ ಬೋಧಕರು ‘ದಾಸರೇ, ನಿಮ್ಮ ಯಜಮಾನರಿಗೆ ವಿಧೇಯರಾಗಿರಿ’ ಎಂದು ಆದಿ ಕ್ರೈಸ್ತ ಬೋಧಕ ಪೌಲ ಬೈಬಲಿನಲ್ಲಿ ಹೇಳಿದ ಮಾತನ್ನು ಮುಂದಿಟ್ಟರು. ಅದೇ ತೋಟಗಳಲ್ಲಿ ದುಡಿಯುತ್ತಿದ್ದವರು ರಾತ್ರಿ ಕದ್ದುಮುಚ್ಚಿ ಸೇರಿ ಮೋಶೆಯ ಕಥೆಯನ್ನು ಹಾಡಿಕೊಂಡರು: ಐಗುಪ್ತದ ಫರೋಹನ ಕೈಯಿಂದ ದೇವರು ತನ್ನ ಜನರನ್ನು ಬಿಡಿಸಿದ ಕಥೆ. 1844ರಲ್ಲಿ ಮೆಥಡಿಸ್ಟರು ಈ ಪ್ರಶ್ನೆಯ ಮೇಲೆ ಒಡೆದರು. 1845ರಲ್ಲಿ ಗುಲಾಮರ ಒಡೆಯರೂ ಮಿಷನರಿಗಳಾಗಬಹುದೇ ಎಂಬ ಜಗಳದಲ್ಲಿ ಬ್ಯಾಪ್ಟಿಸ್ಟರು ಒಡೆದು ‘ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್’ ಹುಟ್ಟಿತು. ಇಂದು ಅದು ದೇಶದ ಅತಿ ದೊಡ್ಡ ಪ್ರಾಟೆಸ್ಟೆಂಟ್ ಸಂಸ್ಥೆ. ಗುಲಾಮಗಿರಿಯ ಪಾಪಕ್ಕೆ ಅದು ಕ್ಷಮೆ ಕೇಳಿದ್ದು 1995ರಲ್ಲಿ, ಹುಟ್ಟಿದ 150 ವರ್ಷಗಳ ಮೇಲೆ. ದೇಶ ಎರಡಾಗುವುದಕ್ಕೆ ಹದಿನೈದು ವರ್ಷ ಮೊದಲೇ ಚರ್ಚುಗಳು ಎರಡಾಗಿದ್ದವು.

1865ರ ಮಾರ್ಚ್ 4. ಗುಲಾಮಗಿರಿಯ ಪ್ರಶ್ನೆಯ ಮೇಲೆ ಉತ್ತರ ದಕ್ಷಿಣಗಳ ನಡುವೆ ಎದ್ದ ಅಂತರ್ಯುದ್ಧ ಮುಗಿಯುತ್ತ ಬಂದಿತ್ತು, ಆರು ಲಕ್ಷಕ್ಕೂ ಹೆಚ್ಚು ಸಾವಿನ ಲೆಕ್ಕ ದೇಶದ ಮುಂದಿತ್ತು. ಎರಡನೇ ಬಾರಿಗೆ ಪ್ರಮಾಣ ಮಾಡಿದ ಲಿಂಕನ್ ಏಳುನೂರು ಪದಗಳ ಪುಟ್ಟ ಭಾಷಣ ಮಾಡಿದರು. ಎರಡೂ ಪಕ್ಷದವರು ಓದುವುದು ಒಂದೇ ಬೈಬಲ್, ಪ್ರಾರ್ಥಿಸುವುದು ಒಂದೇ ದೇವರನ್ನು, ಒಬ್ಬರ ವಿರುದ್ಧ ಇನ್ನೊಬ್ಬರು ಬೇಡುವುದು ಅವನ ನೆರವನ್ನೇ ಎಂದರು. ಗೆಲುವು ಕೈಗೆ ಬಂದಿದ್ದ ಗಳಿಗೆ ಅದು. ದೇವರು ನಮ್ಮ ಕಡೆ ಇದ್ದಾನೆ ಎಂದಿದ್ದರೆ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವರು ಹಾಗೆನ್ನಲಿಲ್ಲ. ಇಬ್ಬರ ಪ್ರಾರ್ಥನೆಯೂ ಪೂರ್ತಿ ಈಡೇರಿಲ್ಲ, ಸರ್ವಶಕ್ತನಿಗೆ ಅವನದೇ ಉದ್ದೇಶಗಳಿವೆ, ಈ ಯುದ್ಧ ಉತ್ತರ ದಕ್ಷಿಣ ಎರಡೂ ಸೇರಿ ಮಾಡಿದ ಪಾಪದ ಫಲವಿರಬಹುದು ಎಂದರು. ಯಾವ ಚರ್ಚಿನ ಸದಸ್ಯತ್ವವನ್ನೂ ಪಡೆಯದ ಮನುಷ್ಯ ಆಡಿದ ಈ ಮಾತಿಗಿಂತ ಕ್ರೈಸ್ತವಾದ ರಾಜಕೀಯ ಭಾಷಣ ಅಮೆರಿಕದಲ್ಲಿ ಬಂದಿಲ್ಲವೆಂದೇ ನನ್ನ ನಂಬಿಕೆ. ಆರು ವಾರದೊಳಗೆ, ಶುಭ ಶುಕ್ರವಾರದ ರಾತ್ರಿ, ಅವರಿಗೆ ಗುಂಡು ಬಿತ್ತು.

ಈಗಿನ ಒಡಕಿನ ಆಕಾರ ಮೂಡಿದ್ದು 1970ರ ದಶಕದಲ್ಲಿ. ಗರ್ಭಪಾತಕ್ಕೆ ದೇಶವ್ಯಾಪಿ ಹಕ್ಕು ಕೊಟ್ಟ 1973ರ ರೋ ತೀರ್ಪು ಬಂದೊಡನೆ ಇವ್ಯಾಂಜೆಲಿಕಲರು ಕೆರಳಿ ಎದ್ದರೆಂಬುದು ಸಾಮಾನ್ಯವಾಗಿ ಹೇಳುವ ಕಥೆ. ನಡೆದದ್ದು ಅಷ್ಟು ನೇರವಾಗಿಲ್ಲ. ಆಗ ಗರ್ಭಪಾತದ ವಿರುದ್ಧ ಗಟ್ಟಿಯಾಗಿ ನಿಂತಿದ್ದವರು ಕ್ಯಾಥೊಲಿಕರು. ಸದರ್ನ್ ಬ್ಯಾಪ್ಟಿಸ್ಟರೋ 1971ರ ನಿರ್ಣಯದಲ್ಲಿ ಅತ್ಯಾಚಾರ, ತಾಯಿಯ ಆರೋಗ್ಯದಂಥ ಸಂದರ್ಭಗಳಲ್ಲಿ ಅದಕ್ಕೆ ಅವಕಾಶವಿರಲಿ ಎಂದಿದ್ದರು. ಇನ್ನೊಂದು ಕಿಡಿ ಬೇರೆ ಕಡೆ ಇತ್ತು. ಬಣ್ಣಭೇದ ಮಾಡುವ ಖಾಸಗಿ ಶಾಲೆಗಳಿಗೆ ತೆರಿಗೆ ವಿನಾಯಿತಿ ಇಲ್ಲವೆಂದು ಸರ್ಕಾರ ಹೇಳಿತು. ಬೇರೆ ಬೇರೆ ಬಣ್ಣದ ವಿದ್ಯಾರ್ಥಿಗಳು ಪರಸ್ಪರ ಪ್ರೀತಿಸಬಾರದೆಂಬ ನಿಯಮವಿಟ್ಟಿದ್ದ ಬಾಬ್ ಜೋನ್ಸ್ ವಿಶ್ವವಿದ್ಯಾಲಯ ಸುಪ್ರೀಂ ಕೋರ್ಟಿನವರೆಗೂ ಹೋರಾಡಿ 1983ರಲ್ಲಿ ಸೋತಿತು. ಧಾರ್ಮಿಕ ಬಲಪಂಥ ಒಗ್ಗೂಡಿದ್ದು ಮೊದಲು ಈ ಸಿಟ್ಟಿನಲ್ಲೇ ಎಂದು ವಾದಿಸುವ ಇತಿಹಾಸಕಾರರಿದ್ದಾರೆ, ಒಪ್ಪದವರೂ ಇದ್ದಾರೆ. 1979ರಲ್ಲಿ ಜೆರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ ಕಟ್ಟುವ ಹೊತ್ತಿಗೆ ಗರ್ಭಪಾತ, ಕುಟುಂಬ, ಶಾಲಾ ಪ್ರಾರ್ಥನೆ ಎಲ್ಲವೂ ಒಂದೇ ಬಾವುಟದ ಕೆಳಗೆ ಬಂದಿದ್ದವು.

ಆ ಹೊತ್ತಿನ ಅಧ್ಯಕ್ಷರು ಯಾರೆಂದು ನೆನಪಿಸಿಕೊಳ್ಳಿ. ಜಿಮ್ಮಿ ಕಾರ್ಟರ್, ತಾನು ಹೊಸ ಹುಟ್ಟು ಪಡೆದ ಕ್ರೈಸ್ತನೆಂದು ಬಿಚ್ಚುಮನಸ್ಸಿನಿಂದ ಹೇಳಿಕೊಂಡ ಸದರ್ನ್ ಬ್ಯಾಪ್ಟಿಸ್ಟ್. 1980ರಲ್ಲಿ ಬಿಳಿಯ ಇವ್ಯಾಂಜೆಲಿಕಲರ ದೊಡ್ಡ ಪಾಲು ಅವರನ್ನು ಬಿಟ್ಟು, ವಿಚ್ಛೇದನ ಪಡೆದು ಮರುಮದುವೆಯಾಗಿದ್ದ ಹಾಲಿವುಡ್ ನಟ ರೊನಾಲ್ಡ್ ರೇಗನ್ ಕೈ ಹಿಡಿಯಿತು. ಅಭ್ಯರ್ಥಿಯ ಸ್ವಂತ ಭಕ್ತಿಗಿಂತ ಅವನು ಮಾಡಿಕೊಡುವ ಕೆಲಸ ಮುಖ್ಯ ಎಂಬ ಲೆಕ್ಕಾಚಾರ ಅಂದೇ ಶುರುವಾಗಿತ್ತು. ಕಾರ್ಟರ್ ಜಾರ್ಜಿಯಾದ ಪ್ಲೇನ್ಸ್ ಎಂಬ ತಮ್ಮ ಸಣ್ಣ ಊರಿಗೆ ಮರಳಿದರು. ತೊಂಬತ್ತು ದಾಟಿದ ಮೇಲೂ ಅಲ್ಲಿನ ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಹೇಳಿದರು, ಸುತ್ತಿಗೆ ಹಿಡಿದು ಬಡವರಿಗೆ ಮನೆ ಕಟ್ಟಿದರು. 2025ರ ಜನವರಿ 9ರಂದು ಅವರ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆದದ್ದು ಅದೇ ನ್ಯಾಷನಲ್ ಕ್ಯಾಥೆಡ್ರಲ್‌ನಲ್ಲಿ, ಬಿಷಪ್ ಬಡ್ಡಿಯವರ ಪ್ರಸಂಗಕ್ಕೆ ಹನ್ನೆರಡು ದಿನ ಮೊದಲು.

ಟ್ರಂಪ್ ಅವರಿಗೆ ಮತ ಹಾಕಿದ ಭಕ್ತರನ್ನೆಲ್ಲ ಕಪಟಿಗಳೆಂದು ತಳ್ಳಿಹಾಕುವುದು ಅನ್ಯಾಯ. ಹೊಟ್ಟೆಯಲ್ಲಿರುವ ಶಿಶುವೂ ದೇವರ ಮಗು ಎಂದು ಮನಸಾರೆ ನಂಬಿದವರಿಗೆ ರೋ ತೀರ್ಪು ಬೀಳುವುದೇ ಐವತ್ತು ವರ್ಷದ ಪ್ರಾರ್ಥನೆಯಾಗಿತ್ತು. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳ ಬಲದಿಂದ 2022ರ ಜೂನ್ 24ರಂದು ಅದು ಬಿತ್ತು. ಈ ಜನರ ಭಕ್ತಿ ರಾಜಕೀಯದಲ್ಲಿ ಒಳ್ಳೆಯದನ್ನೂ ಮಾಡಿದೆ. 2003ರಲ್ಲಿ ಅಧ್ಯಕ್ಷ ಬುಷ್ ಆಫ್ರಿಕಾದ ಏಡ್ಸ್ ರೋಗಿಗಳಿಗಾಗಿ ಶುರುಮಾಡಿದ ಪೆಪ್ಫಾರ್ ಯೋಜನೆಗೆ ಇವ್ಯಾಂಜೆಲಿಕಲರು ಬೆನ್ನಿಗೆ ನಿಂತಿದ್ದರು. ಅದರಿಂದ ಎರಡೂವರೆ ಕೋಟಿ ಜೀವ ಉಳಿಯಿತೆಂದು ಅಮೆರಿಕದ ಸರ್ಕಾರವೇ ಲೆಕ್ಕ ಕೊಟ್ಟಿದೆ.

ಆದರೆ ನ್ಯಾಯಾಲಯದ ಲೆಕ್ಕಾಚಾರದ ಕೆಳಗೆ ಇನ್ನೊಂದು ಭಾವನೆ ಇದೆ: ನಮ್ಮ ಮನೆ ನಮ್ಮ ಕೈತಪ್ಪುತ್ತಿದೆ ಎಂಬ ಅಳುಕು. 2007ರಲ್ಲಿ ಕ್ರೈಸ್ತರು 78% ಇದ್ದರು. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವವರು ಆಗ 16%, ಈಗ 29%. ಹೀಗೆ ಸಂಖ್ಯೆ ಕರಗುವಾಗ, ಈ ದೇಶವನ್ನು ದೇವರು ಕ್ರೈಸ್ತರಿಗೆಂದೇ ಕೊಟ್ಟ, ಅಧಿಕಾರ ಹಿಡಿದಾದರೂ ಅದನ್ನು ಮರಳಿ ಪಡೆಯಬೇಕು ಎಂಬ ಮಾತು ಕಿವಿಗೆ ಹಿತವೆನಿಸುತ್ತದೆ. ಇದನ್ನೇ ಕ್ರೈಸ್ತ ರಾಷ್ಟ್ರವಾದ ಎನ್ನುವುದು. ಕ್ರೈಸ್ತನೊಬ್ಬ ರಾಜಕೀಯ ಮಾಡಿದರೆ ಅದು ಕ್ರೈಸ್ತ ರಾಷ್ಟ್ರವಾದವಾಗುವುದಿಲ್ಲ, ಹಾಗಾದರೆ ಮಾರ್ಟಿನ್ ಲೂಥರ್ ಕಿಂಗ್‌ರನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತದೆ. ಪೂರ್ಣ ಪೌರತ್ವಕ್ಕೆ ಕ್ರೈಸ್ತನಾಗಿರುವುದೇ ಅಳತೆಗೋಲು ಎಂದಾಗ ಅದು ಹುಟ್ಟುತ್ತದೆ. 2021ರ ಜನವರಿ 6ರಂದು, ಚುನಾವಣೆಯಲ್ಲಿ ಟ್ರಂಪ್ ಸೋತದ್ದನ್ನು ಒಪ್ಪದೆ ಸಂಸತ್ ಭವನಕ್ಕೆ ನುಗ್ಗಿದ ಗುಂಪಿನಲ್ಲಿ ಶಿಲುಬೆಗಳಿದ್ದವು, ಯೇಸುವಿನ ಹೆಸರಿನ ಫಲಕಗಳಿದ್ದವು. ಸೆನೆಟ್ ಸಭಾಂಗಣ ಹೊಕ್ಕವರು ಅಲ್ಲೇ ನಿಂತು ಯೇಸುವಿನ ಹೆಸರಿನಲ್ಲಿ ಪ್ರಾರ್ಥನೆ ಮಾಡಿದರು. ಆ ದೃಶ್ಯ ನೋಡಿ ಎದೆ ಹಿಂಡಿದಂತಾದವರಲ್ಲಿ ಲಕ್ಷಾಂತರ ಕ್ರೈಸ್ತರೂ ಇದ್ದರು.

ಇಂದು ಜಗಳ ಬಿಸಿಯಾಗಿರುವುದು ವಲಸಿಗರ ವಿಷಯದಲ್ಲಿ. 2019ರಲ್ಲಿ ಕ್ಯಾಥೊಲಿಕ್ ಆದ ವಾನ್ಸ್, 2025ರ ಜನವರಿಯಲ್ಲಿ ಪ್ರೀತಿಗೊಂದು ಕ್ರಮವಿದೆ ಎಂದು ವಾದಿಸಿದರು. ಮೊದಲು ಕುಟುಂಬ, ಆಮೇಲೆ ನೆರೆಹೊರೆ, ಆಮೇಲೆ ಊರು, ದೇಶ, ಕೊನೆಗೆ ಉಳಿದ ಜಗತ್ತು. ಮನೆ ಗೆದ್ದು ಮಾರು ಗೆಲ್ಲು ಎನ್ನುವ ನಮಗೆ ಇದು ಅರ್ಥವಾಗದ ಮಾತಲ್ಲ, ಚರ್ಚಿನ ಹಳೆಯ ಚಿಂತನೆಯಲ್ಲೂ ಇದಕ್ಕೆ ಬೇರಿದೆ. ಫೆಬ್ರವರಿ 10ರಂದು ಪೋಪ್ ಫ್ರಾನ್ಸಿಸ್ ಅಮೆರಿಕದ ಬಿಷಪ್ಪರಿಗೆ ಪತ್ರ ಬರೆದರು. ವಾನ್ಸ್ ಹೆಸರೆತ್ತದೆ, ಪ್ರೀತಿಯ ನಿಜವಾದ ಕ್ರಮ ತಿಳಿಯಬೇಕಾದರೆ ಒಳ್ಳೆಯ ಸಮಾರ್ಯದವನ ಕಥೆಯನ್ನು ಧ್ಯಾನಿಸಿ ಎಂದರು. ದಾರಿಯಲ್ಲಿ ಕಳ್ಳರ ಕೈಗೆ ಸಿಕ್ಕಿ ಅರೆಜೀವವಾಗಿ ಬಿದ್ದವನನ್ನು ಸ್ವಂತ ಜನರೇ ನೋಡಿಯೂ ಬಳಸಿಕೊಂಡು ಹೋಗುತ್ತಾರೆ. ನಿಂತು ಗಾಯ ಕಟ್ಟುವವನು ಬೇರೆ ಕುಲದವನು, ಕೇಳುಗರು ಕೀಳೆಂದು ಕಾಣುತ್ತಿದ್ದ ಕುಲದವನು. ನನ್ನ ನೆರೆಯವನು ಯಾರು ಎಂಬ ಪ್ರಶ್ನೆಗೆ ಯೇಸು ಕೊಟ್ಟ ಉತ್ತರ ಅದು.

ಇದು ಬರಿಯ ತರ್ಕವಾಗಿ ಉಳಿಯಲಿಲ್ಲ. ಅಮೆರಿಕದಲ್ಲಿ ನಿರಾಶ್ರಿತರಿಗೆ ಬಾಡಿಗೆ ಮನೆ ಹುಡುಕಿ, ಮಕ್ಕಳನ್ನು ಶಾಲೆಗೆ ಸೇರಿಸಿ, ಮೊದಲ ಕೆಲಸ ಕೊಡಿಸುತ್ತ ಬಂದ ಸಂಸ್ಥೆಗಳಲ್ಲಿ ಹೆಚ್ಚಿನವು ಧಾರ್ಮಿಕ ಸಂಸ್ಥೆಗಳೇ. ಸರ್ಕಾರ ನಿರಾಶ್ರಿತರ ಪ್ರವೇಶವನ್ನೂ ಹಣವನ್ನೂ ನಿಲ್ಲಿಸಿದ ಮೇಲೆ, ದಶಕಗಳಿಂದ ಈ ಕೆಲಸ ಮಾಡಿದ್ದ ಕ್ಯಾಥೊಲಿಕ್ ಬಿಷಪ್ಪರ ಸಂಘ 2025ರ ಏಪ್ರಿಲ್‌ನಲ್ಲಿ ಸರ್ಕಾರದೊಂದಿಗಿನ ಒಪ್ಪಂದಗಳನ್ನು ಮುಂದುವರಿಸುವುದಿಲ್ಲ ಎಂದಿತು. ಅದೇ ತಿಂಗಳು 21ರಂದು ಫ್ರಾನ್ಸಿಸ್ ತೀರಿಕೊಂಡರು. ಹಿಂದಿನ ದಿನ, ಈಸ್ಟರ್ ಭಾನುವಾರ, ಅವರನ್ನು ಕೆಲವು ನಿಮಿಷ ಕಂಡುಹೋದವರಲ್ಲಿ ವಾನ್ಸ್ ಒಬ್ಬರು. ಮೇ 8ರಂದು ಆಯ್ಕೆಯಾದ ಹದಿನಾಲ್ಕನೇ ಲಿಯೋ ಷಿಕಾಗೋದಲ್ಲಿ ಹುಟ್ಟಿದವರು, ಅಮೆರಿಕ ಮೂಲದ ಮೊದಲ ಪೋಪ್.

ಒಡಕಿನ ನೋವನ್ನು ದಿನವೂ ಉಣ್ಣುವವರು ಸಾಮಾನ್ಯ ಪಾದ್ರಿಗಳು. ಸದರ್ನ್ ಬ್ಯಾಪ್ಟಿಸ್ಟರ ನಾಯಕರಲ್ಲಿ ಒಬ್ಬರಾಗಿದ್ದು 2021ರಲ್ಲಿ ಹೊರಬಂದ ರಸೆಲ್ ಮೂರ್, ಹಲವು ಪಾದ್ರಿಗಳು ತಮಗೆ ಹೇಳಿದ್ದೆಂದು ಒಂದು ಅನುಭವವನ್ನು ಬಹಿರಂಗವಾಗಿ ತಿಳಿಸಿದ್ದಾರೆ. ಒಂದು ಕೆನ್ನೆಗೆ ಹೊಡೆದರೆ ಇನ್ನೊಂದು ಕೆನ್ನೆ ಒಡ್ಡು ಎಂಬ ಯೇಸುವಿನ ಮಾತನ್ನು ಪ್ರಸಂಗದಲ್ಲಿ ತಂದರೆ, ಮುಗಿದ ಮೇಲೆ ಯಾರೋ ಬಂದು, ಈ ಎಡಪಂಥೀಯರ ಮಾತು ನಿಮಗೆಲ್ಲಿ ಸಿಕ್ಕಿತು ಎಂದು ಕೇಳುತ್ತಾರಂತೆ. ಮೆಥಡಿಸ್ಟರ ಕಡೆ ಒಡಕು ಆಸ್ತಿ ಹಂಚಿಕೆಯ ಮಟ್ಟಕ್ಕೂ ಹೋಯಿತು. ಸಲಿಂಗಿಗಳ ವಿವಾಹ ಮತ್ತು ಪಾದ್ರಿ ದೀಕ್ಷೆಯ ಪ್ರಶ್ನೆಯ ಮೇಲೆ 2019ರಿಂದ 2023ರೊಳಗೆ ಯುನೈಟೆಡ್ ಮೆಥಡಿಸ್ಟ್ ಚರ್ಚನ್ನು ಬಿಟ್ಟುಹೋದ ಸಭೆಗಳು 7,600ಕ್ಕೂ ಹೆಚ್ಚು, ಅಂದರೆ ದೇಶದಲ್ಲಿದ್ದ ಅದರ ಸಭೆಗಳಲ್ಲಿ ಕಾಲು ಭಾಗ.

ಇಂಥ ಕಡೆ ಭರವಸೆ ಎಂದರೇನು? ಇಲ್ಲಿ ಕನ್ನಡ ಬೈಬಲ್ ನನಗೆ ದಾರಿ ತೋರಿದೆ. ಕೊರಿಂಥದವರಿಗೆ ಬರೆದ ಪತ್ರದಲ್ಲಿ ಪೌಲನ ಮಾತು ಕನ್ನಡದಲ್ಲಿ ಹೀಗಿದೆ: ‘ನಂಬಿಕೆ ನಿರೀಕ್ಷೆ ಪ್ರೀತಿ ಈ ಮೂರೇ ನಿಲ್ಲುತ್ತವೆ.’ ಅನುವಾದಕರು ಆಸೆ ಎನ್ನಲಿಲ್ಲ, ನಿರೀಕ್ಷೆ ಎಂದರು. ಆಸೆ ನನ್ನ ಮನಸ್ಸಿನಿಂದ ಹುಟ್ಟುವುದು: ಈ ಸಲ ನಮ್ಮವರು ಗೆಲ್ಲಲಿ ಎಂಬುದು ಆಸೆ. ನಿರೀಕ್ಷೆಯಲ್ಲಿ ಕಣ್ಣಿದೆ, ಬರುವವರ ದಾರಿ ನೋಡುವುದಿದೆ. ಚುನಾವಣೆಗೆ ಚುನಾವಣೆ ಆಸೆ ಏರಿ ಇಳಿಯುತ್ತದೆ. ನಿರೀಕ್ಷೆಗೆ ಹೆಚ್ಚು ತಾಳಿಕೆ ಬೇಕು.

ಹಾಗೆಂದು ಸುಮ್ಮನೆ ಕಾಯುತ್ತ ಕೂರುವುದು ನಿರೀಕ್ಷೆಯಾಗದು. 1963ರ ಶುಭ ಶುಕ್ರವಾರ, ಏಪ್ರಿಲ್ 12ರಂದು, ಕಿಂಗ್ ಅಲಬಾಮಾದ ಬರ್ಮಿಂಗ್‌ಹ್ಯಾಮಿನಲ್ಲಿ ಬಣ್ಣಭೇದದ ವಿರುದ್ಧ ಬೀದಿಗಿಳಿದು ಬಂಧನಕ್ಕೊಳಗಾದರು. ಊರಿನ ಎಂಟು ಮಂದಿ ಬಿಳಿಯ ಧರ್ಮಗುರುಗಳು ಪತ್ರಿಕೆಯಲ್ಲಿ ಹೇಳಿಕೆ ಕೊಟ್ಟು, ಬೀದಿಗಿಳಿಯಬೇಡಿ, ತಾಳ್ಮೆಯಿರಲಿ ಎಂದಿದ್ದರು. ಕಿಂಗ್ ಜೈಲಿನಲ್ಲಿ ಕೈಗೆ ಸಿಕ್ಕ ಪತ್ರಿಕೆಯ ಅಂಚಿನಲ್ಲೇ ಉತ್ತರ ಬರೆಯತೊಡಗಿದರು. ಕಾಯಿರಿ ಎಂಬ ಮಾತಿಗೆ ಎಂದಿಗೂ ಇಲ್ಲ ಎಂದೇ ಅರ್ಥವಾಗುತ್ತ ಬಂದಿದೆ ಎಂದರು. ನ್ಯಾಯಕ್ಕಿಂತ ನೆಮ್ಮದಿಯೇ ಮೇಲೆನ್ನುವ ಮೆತ್ತಗಿನ ಬಿಳಿಯರು, ದ್ವೇಷಿಸುವವರಿಗಿಂತ ಹೆಚ್ಚಾಗಿ ತನ್ನನ್ನು ನಿರಾಶೆಗೊಳಿಸಿದ್ದಾರೆ ಎಂದರು. ಇಷ್ಟು ಹೇಳಿಯೂ ಆ ಎಂಟು ಮಂದಿಯನ್ನು ಸಹೋದರರೆಂದೇ ಕರೆದು ಪತ್ರ ಮುಗಿಸಿದರು. ಎದುರಾಳಿಯ ತಪ್ಪನ್ನು ಎಳ್ಳಷ್ಟೂ ಮುಚ್ಚದೆ, ಸಂಬಂಧವನ್ನೂ ಹರಿಯದೆ ಬರೆದ ಪತ್ರ ಅದು. ಅಧಿಕಾರದ ರುಚಿ ಕಂಡ ಚರ್ಚಿಗಿಂತ ಅದನ್ನು ಕಾಣದ ಚರ್ಚಿನಲ್ಲಿ ಈ ವಿದ್ಯೆ ಹೆಚ್ಚು ಬೆಳೆದಿದೆ ಎಂಬುದೇ ನಾನು ಈ ಚರಿತ್ರೆಯಿಂದ ಕಂಡುಕೊಂಡದ್ದು.

ಅಂಥ ಒಂದು ಚರ್ಚು ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿದೆ, ಹೆಸರು ಇಮ್ಯಾನುಯೆಲ್. ಕಪ್ಪು ಜನ ಬಿಳಿಯರ ಚರ್ಚಿನಲ್ಲಿ ಅವಮಾನ ತಾಳಲಾರದೆ 1816ರಲ್ಲಿ ಕಟ್ಟಿಕೊಂಡ ಆಫ್ರಿಕನ್ ಮೆಥಡಿಸ್ಟ್ ಎಪಿಸ್ಕೋಪಲ್ ಪಂಗಡಕ್ಕೆ ಸೇರಿದ್ದು. 1822ರಲ್ಲಿ ಗುಲಾಮರ ದಂಗೆಯ ಸಂಚಿನ ಆರೋಪ ಬಂದಾಗ ಬಿಳಿಯರು ಅದನ್ನು ನೆಲಸಮ ಮಾಡಿದರು. ಮುಂದೆ ಕಪ್ಪು ಜನರ ಚರ್ಚುಗಳನ್ನೇ ರಾಜ್ಯ ನಿಷೇಧಿಸಿದಾಗ ಸಭೆಯವರು ಯುದ್ಧ ಮುಗಿಯುವವರೆಗೂ ಗುಟ್ಟಾಗಿ ಸೇರುತ್ತಿದ್ದರು.

2015ರ ಜೂನ್ 17, ಬುಧವಾರ ರಾತ್ರಿ. ಕೆಳಮಹಡಿಯ ಸಭಾಂಗಣದಲ್ಲಿ ಹನ್ನೆರಡು ಮಂದಿ ಬೈಬಲ್ ಅಧ್ಯಯನಕ್ಕೆ ಕೂತಿದ್ದರು. ಸಭೆಯ ಪಾದ್ರಿ ಕ್ಲೆಮೆಂಟಾ ಪಿಂಕ್ನಿ ರಾಜ್ಯದ ಸೆನೆಟರೂ ಆಗಿದ್ದರು, ಅಂದು ರಾಜಧಾನಿಯಲ್ಲಿ ಕೆಲಸ ಮುಗಿಸಿ ಬಂದಿದ್ದರು. ಗುರುತಿಲ್ಲದ ಬಿಳಿಯ ಯುವಕನೊಬ್ಬ ಒಳಬಂದ. ಅವನಿಗೆ ಕುರ್ಚಿ ಕೊಟ್ಟರು, ಓದುತ್ತಿದ್ದ ಪಾಠದ ಹಾಳೆ ಕೊಟ್ಟರು. ಅಂದಿನ ಪಾಠ ಮಾರ್ಕನ ಸುವಾರ್ತೆಯ ನಾಲ್ಕನೇ ಅಧ್ಯಾಯ, ಬಿತ್ತುವವನ ದೃಷ್ಟಾಂತ ಕಥೆ. ದಾರಿ ಬದಿಗೆ ಬಿದ್ದ ಬೀಜವನ್ನು ಹಕ್ಕಿ ತಿನ್ನುತ್ತದೆ, ಬಂಡೆ ನೆಲದ್ದು ಮೊಳೆತರೂ ಬೇರಿಲ್ಲದೆ ಬಿಸಿಲಿಗೆ ಬಾಡುತ್ತದೆ, ಹದವಾದ ಮಣ್ಣಿನದು ಮೂವತ್ತರಷ್ಟು ಅರವತ್ತರಷ್ಟು ನೂರರಷ್ಟು ಫಲ ಕೊಡುತ್ತದೆ. ಸುಮಾರು ಮುಕ್ಕಾಲು ಗಂಟೆ ಅವನು ಅವರೊಡನೆ ಕೂತಿದ್ದ. ಕೊನೆಯ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಬಂದೂಕು ತೆಗೆದ. ಪಿಂಕ್ನಿ ಸೇರಿ ಒಂಬತ್ತು ಮಂದಿ ಸತ್ತರು.

ಎರಡು ದಿನದ ಮೇಲೆ ನ್ಯಾಯಾಲಯದಲ್ಲಿ, ಪರದೆಯ ಮೇಲೆ ಕಾಣುತ್ತಿದ್ದ ಆ ಯುವಕನಿಗೆ, ತಾಯಿಯನ್ನು ಕಳೆದುಕೊಂಡ ಮಗಳೊಬ್ಬಳು ನಡುಗುವ ದನಿಯಲ್ಲಿ ಕ್ಷಮಿಸಿದ್ದೇನೆ ಎಂದಳು. ಇನ್ನೂ ಕೆಲವರು ಹಾಗೆಯೇ ಅಂದರು. ಎಲ್ಲರಿಗೂ ಹಾಗನ್ನಲು ಆಗಲಿಲ್ಲ, ಆಗಬೇಕೆಂದು ಹೊರಗಿನವರು ಒತ್ತಾಯಿಸುವುದೂ ಸಲ್ಲ. ಕಪ್ಪು ಜನರಿಂದ ಕ್ಷಮೆಯನ್ನು ಬೇಗ ಪಡೆದುಕೊಂಡು ನ್ಯಾಯವನ್ನು ಮರೆಯುವ ಅಭ್ಯಾಸ ಈ ದೇಶಕ್ಕಿದೆ ಎಂದು ಆಗ ಎಷ್ಟೋ ಮಂದಿ ಕಪ್ಪು ಬರಹಗಾರರು ಎಚ್ಚರಿಸಿದ್ದು ಸರಿಯಾಗಿಯೇ ಇತ್ತು. ಗುಲಾಮಗಿರಿಯ ಪರ ಹೋರಾಡಿದ ದಕ್ಷಿಣದ ಬಾವುಟ ರಾಜ್ಯದ ಶಾಸನಸಭೆಯ ಅಂಗಳದಿಂದ ಕೆಳಗಿಳಿದದ್ದು ಜುಲೈ 10ರಂದು, ಒಂಬತ್ತು ಶವಗಳ ನಂತರ.

ಅದಕ್ಕೂ ಮೊದಲು, ಜೂನ್ 24ರ ಬುಧವಾರ ಸಂಜೆ, ಸಭೆಯವರು ಬೈಬಲ್ ಅಧ್ಯಯನಕ್ಕೆ ಮತ್ತೆ ಅದೇ ಸಭಾಂಗಣಕ್ಕೆ ಇಳಿದು ಬಂದರು. ಹಿಂದಿನ ವಾರ ಹನ್ನೆರಡು ಮಂದಿ ಕೂತಿದ್ದ ಆ ಕೋಣೆಯಲ್ಲಿ ಅಂದು ನೂರಕ್ಕೂ ಹೆಚ್ಚು ಜನರಿದ್ದರು, ಅವರಲ್ಲಿ ಕಪ್ಪು ಜನರೂ ಇದ್ದರು, ಬಿಳಿಯರೂ ಇದ್ದರು.